ಹಳೆ ಬೀಜದ ಟೀ ಗಿಡ ಕಿತ್ತು ಕ್ಲೋನ್ ಹಾಕುವ ಮುನ್ನ ಇಳುವರಿ, ರುಚಿ ಎರಡನ್ನೂ ನಾವೇ ಪರೀಕ್ಷಿಸುವುದು ಹೇಗೆ?

ಘಟ್ಟದಂಚಿನವ (ಮೂಡಿಗೆರೆ ಕಡೆ)

ಎಲ್ಲರಿಗೂ ನಮಸ್ಕಾರ. ನಮ್ಮದು ಹನ್ನೊಂದು ಎಕರೆ ಟೀ ತೋಟ. ಅಜ್ಜನ ಕಾಲದಲ್ಲಿ ಬೀಜ ಹಾಕಿ ಎಬ್ಬಿಸಿದ ಗಿಡಗಳಾದ್ದರಿಂದ ಒಂದರಂತೆ ಇನ್ನೊಂದಿಲ್ಲ. ಒಂದರ ಎಲೆ ಅಂಗೈ ಅಗಲವಿದ್ದರೆ ಪಕ್ಕದ್ದರದು ಹೆಬ್ಬೆರಳಿನಷ್ಟು. ಸಾಲಿನಲ್ಲಿ ಅಲ್ಲಲ್ಲಿ ಗಿಡ ಸತ್ತು ಖಾಲಿ ಬಿದ್ದಿದೆ, ಇಳುವರಿ ವರ್ಷದಿಂದ ವರ್ಷಕ್ಕೆ ಕುಸಿಯುತ್ತಿದೆ. ಈ ಸಲ ಒಂದು ಎಕರೆ ಕಿತ್ತು ಕ್ಲೋನ್, ಅಂದರೆ ಒಂದೇ ತಾಯಿಗಿಡದ ಕಡ್ಡಿಗಳಿಂದ ಎಬ್ಬಿಸಿದ ಸಸಿ, ಹಾಕೋಣವೆಂದು ಹೊರಟೆ. ಮೂರು ನರ್ಸರಿಗೆ ಹೋದರೆ ಮೂರು ಉತ್ತರ ಬಂತು. ಒಬ್ಬರು ಉಪಾಸಿ-9 ಎಂದರು, ಇನ್ನೊಬ್ಬರು ಟಿಆರ್‌ಐ-2025 ಬಿಟ್ಟರೆ ಬೇರೆ ಹಾಕಲೇಬೇಡಿ ಎಂದರು, ಮೂರನೆಯವರು ಸಿಆರ್-6017 ಹಾಕಿದರೆ ಪರಿಮಳವೇ ಬೇರೆ ಎಂದರು. ಮೂವರ ಬಳಿಯೂ ಮಾರಾಟಕ್ಕೆ ಇದ್ದದ್ದು ಅವರವರು ಹೊಗಳಿದ ಸಸಿಯೇ ಎಂಬುದು ಮನೆಗೆ ಬಂದ ಮೇಲೆ ಹೊಳೆಯಿತು.

ಒಮ್ಮೆ ನೆಟ್ಟ ಟೀ ಗಿಡ ನನಗಿಂತ ಹೆಚ್ಚು ಕಾಲ ಬದುಕುತ್ತದೆ. ತಪ್ಪು ಆಯ್ಕೆ ಮಾಡಿದರೆ ಮಗನೂ ಅನುಭವಿಸಬೇಕು. ಆದ್ದರಿಂದ ಮೊದಲು ಕಾಲು ಎಕರೆಯಲ್ಲಿ ನಾನೇ ಹಾಕಿ ನೋಡಬೇಕೆಂದಿದ್ದೇನೆ. ನನ್ನ ಬಳಿ ಇರುವುದು ಒಂದು ನೇತಾಡುವ ತಕ್ಕಡಿ, ಒಬ್ಬ ಮೇಸ್ತ್ರಿ, ಕುಡಿ ಕೀಳುವ ಎಂಟು ಹೆಂಗಸರು. ಪ್ರಯೋಗಾಲಯವಿಲ್ಲ. ಎಲೆಯನ್ನು ಇಪ್ಪತ್ತು ಕಿಲೋಮೀಟರ್ ದೂರದ ಫ್ಯಾಕ್ಟರಿಗೆ ಹಾಕುತ್ತೇನೆ. ಅಲ್ಲಿ ಎಲ್ಲರ ಎಲೆಯೂ ಒಂದೇ ರಾಶಿ. ಇಷ್ಟನ್ನೇ ಇಟ್ಟುಕೊಂಡು ಯಾವ ತಳಿ ಹೆಚ್ಚು ಕೊಡುತ್ತದೆ, ಯಾವುದರ ಚಹಾ ಚೆನ್ನಾಗಿರುತ್ತದೆ ಎಂದು ನಂಬುವಂತೆ ತಿಳಿಯಲು ಸಾಧ್ಯವೇ?

ನಿವೃತ್ತ ರೈಟರ್

ಸಾಧ್ಯ. ಆದರೆ ಮೊದಲು ನಾನು ಕಣ್ಣಾರೆ ಕಂಡ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ನಾನು ರೈಟರ್ (ತೋಟದ ಗುಮಾಸ್ತ) ಆಗಿದ್ದ ಎಸ್ಟೇಟಿನಲ್ಲಿ ಹೊಸ ಕ್ಲೋನ್ ಒಂದನ್ನು ಬಂಗಲೆಯ ರಸ್ತೆಯ ಪಕ್ಕದಲ್ಲಿ ನೆಟ್ಟರು, ದೊರೆಗಳು ಬಂದಾಗ ತೋರಿಸಲು ಅನುಕೂಲವೆಂದು. ಆ ಜಾಗದ ಮೇಲ್ಭಾಗದಲ್ಲಿ ದನದ ಕೊಟ್ಟಿಗೆ. ಮಳೆಗಾಲದಲ್ಲಿ ಗೊಬ್ಬರದ ನೀರೆಲ್ಲ ಹರಿದು ಅಲ್ಲಿಗೇ ಬರುತ್ತಿತ್ತು. ಹೋಲಿಕೆಗೆ ಇಟ್ಟುಕೊಂಡ ಹಳೆ ಗಿಡಗಳು ಮಾತ್ರ ಗುಡ್ಡದ ಬೋಳು ನೆತ್ತಿಯ ಮೇಲೆ. ಮೂರು ವರ್ಷ ಹೊಸ ಕ್ಲೋನೇ ಗೆದ್ದಿತು, ನಲವತ್ತು ಎಕರೆಗೆ ಅದನ್ನೇ ಹಾಕಿದರು. ಗುಡ್ಡಕ್ಕೆ ಹೋದ ಮೇಲೆ ಅದು ಹಳೆ ಗಿಡಕ್ಕಿಂತ ಹೆಚ್ಚೇನೂ ಕೊಡಲಿಲ್ಲ. ಗೆದ್ದದ್ದು ಕೊಟ್ಟಿಗೆ, ಕ್ಲೋನಲ್ಲ.

ಆದ್ದರಿಂದ ತಳಿಗಳನ್ನು ಒಂದೊಂದು ಮೂಲೆಗೆ ಒಂದೊಂದರಂತೆ ಹಾಕಬೇಡಿ. ಜಾಗವನ್ನು ಇಳಿಜಾರಿನ ಅಡ್ಡಕ್ಕೆ ಐದು ಪಟ್ಟಿಗಳಾಗಿ ಮಾಡಿ, ಪ್ರತಿ ಪಟ್ಟಿಯಲ್ಲಿಯೂ ಎಲ್ಲ ತಳಿಗಳ ಒಂದೊಂದು ತುಂಡು ಬರುವಂತೆ, ಯಾವುದು ಎಲ್ಲಿ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿ ನೆಡಿ. ಪ್ರತಿ ತುಂಡಿನ ಸುತ್ತ ಒಂದು ಸಾಲನ್ನು ತೂಕಕ್ಕೆ ಸೇರಿಸದೆ ಕಾವಲು ಸಾಲಾಗಿ ಬಿಡಿ, ಏಕೆಂದರೆ ಅಂಚಿನ ಗಿಡಕ್ಕೆ ಬೆಳಕೂ ಜಾಗವೂ ಹೆಚ್ಚು ಸಿಗುವುದರಿಂದ ಅದರ ಇಳುವರಿ ಯಾವಾಗಲೂ ಸುಳ್ಳು ಹೇಳುತ್ತದೆ. ನೆರಳಿನ ಸಿಲ್ವರ್ ಮರಗಳೂ ಎಲ್ಲ ತುಂಡಿಗೆ ಒಂದೇ ರೀತಿ ಇರಲಿ.

ಅಂಕಿಸಂಖ್ಯೆ

ರೈಟರ್ ಸರ್ ಹೇಳಿದ್ದಕ್ಕೆ ನೂರಕ್ಕೆ ನೂರು ಸಹಮತ. ಒಂದು ಲೆಕ್ಕವನ್ನಷ್ಟೇ ಸೇರಿಸುತ್ತೇನೆ. ಹೆಕ್ಟೇರಿಗೆ 13,000 ಗಿಡ, ವರ್ಷಕ್ಕೆ 2,500 ಕಿಲೋ ಸಿದ್ಧ ಚಹಾ ಎಂದು ಇಟ್ಟುಕೊಳ್ಳಿ. ಒಂದು ಕಿಲೋ ಚಹಾಕ್ಕೆ ನಾಲ್ಕೂವರೆ ಕಿಲೋ ಹಸಿರೆಲೆ ಬೇಕು. ಅಂದರೆ ಒಂದು ಗಿಡ ಇಡೀ ವರ್ಷಕ್ಕೆ ಕೊಡುವುದು ಸುಮಾರು 865 ಗ್ರಾಂ ಎಲೆ. ವರ್ಷಕ್ಕೆ ಮೂವತ್ತು ಸುತ್ತು ಕಿತ್ತರೆ ಸುತ್ತಿಗೆ 29 ಗ್ರಾಂ. ನಲವತ್ತು ಗಿಡದ ತುಂಡಿನಿಂದ ಒಂದು ಸುತ್ತಿಗೆ ಬರುವುದು ಒಂದು ಕಿಲೋ ನೂರೈವತ್ತು ಗ್ರಾಂ. ಎರಡು ತಳಿಗಳ ನಡುವೆ ಶೇಕಡ 10ರಷ್ಟು ವ್ಯತ್ಯಾಸವಿದ್ದರೆ, ಅದು ಒಳ್ಳೆಯ ದೊಡ್ಡ ವ್ಯತ್ಯಾಸವೇ, ನಿಮ್ಮ ತಕ್ಕಡಿಯಲ್ಲಿ ಕಾಣಬೇಕಾದದ್ದು ಕೇವಲ 115 ಗ್ರಾಂ. ನೇತಾಡುವ ತಕ್ಕಡಿಯಲ್ಲಿ ನೂರು ಗ್ರಾಮಿಗೊಂದು ಗೆರೆ ಇರುತ್ತದೆ. ಗೆರೆಯ ಆಚೆಗೋ ಈಚೆಗೋ ಎಂದು ಮೇಸ್ತ್ರಿ ಕಣ್ಣು ಕಿರಿದು ಮಾಡುವುದರಲ್ಲಿಯೇ ನಿಮ್ಮ ಪ್ರಯೋಗ ಮುಗಿದಿರುತ್ತದೆ. ದಿನಸಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ ತೆಗೆದುಕೊಳ್ಳಿ.

ಇನ್ನೊಂದು ವಿಷಯ: ಕೀಳುವ ಕೈಯಿಂದಲೂ ಇಳುವರಿ ಬದಲಾಗುತ್ತದೆ. ಒಬ್ಬರು ಎರಡು ಎಲೆ ಒಂದು ಕುಡಿಗೆ ನಿಲ್ಲಿಸಿದರೆ ಇನ್ನೊಬ್ಬರು ಮೂರನೆಯ ಎಲೆಗೂ ಕೈ ಹಾಕುತ್ತಾರೆ. ಆದ್ದರಿಂದ ಒಂದು ಪಟ್ಟಿಯ ಎಲ್ಲ ತಳಿಗಳನ್ನೂ ಆ ದಿನ ಒಬ್ಬರೇ ಕೀಳಲಿ. ಮುಂದಿನ ಸುತ್ತಿಗೆ ಪಟ್ಟಿಗಳನ್ನು ಅದಲುಬದಲು ಮಾಡಿ. ಆಗ ಕೈಯ ವ್ಯತ್ಯಾಸ ಪಟ್ಟಿಗೆ ಸೇರುತ್ತದೆ, ತಳಿಯ ತಲೆಗೆ ಬರುವುದಿಲ್ಲ.

ಕಾಫಿಯೇ ಸರಿ

ಇಷ್ಟೆಲ್ಲ ಲೆಕ್ಕ ಹಾಕುವ ಬದಲು ರೋಬಸ್ಟಾ ಹಾಕಿ ಮಾರಾಯರೇ.

ಘಟ್ಟದಂಚಿನವ

ಈ ಹನ್ನೊಂದು ಎಕರೆ ಇರುವುದು ಗಾಳಿಗುಡ್ಡದ ಮೇಲೆ. ಅಲ್ಲಿ ಕಾಫಿ ನಿಲ್ಲುವುದಿಲ್ಲವೆಂದೇ ಅಜ್ಜ ಟೀ ಹಾಕಿದ್ದು. ಕೆಳಗಿನ ಕಣಿವೆಯಲ್ಲಿ ನಿಮ್ಮ ಕಾಫಿಯೂ ಇದೆ, ಚಿಂತಿಸಬೇಡಿ.

ಅಂಕಿಸಂಖ್ಯೆಯವರಿಗೆ: ಮಳೆಗಾಲದಲ್ಲಿ ತೊಯ್ದ ಎಲೆಯನ್ನು ತೂಗಿದರೆ ನೀರಿನ ತೂಕವೇ ಎಷ್ಟೋ ಬರುತ್ತದೆಯಲ್ಲ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಒಣ ಎಲೆ ಎಂಬುದೇ ಇಲ್ಲ.

ಅಂಕಿಸಂಖ್ಯೆ

ಒಳ್ಳೆಯ ಪ್ರಶ್ನೆ. ಪ್ರತಿ ತುಂಡಿನಿಂದ ನೂರು ಗ್ರಾಂ ಎಲೆಯನ್ನು ಬೇರೆ ತೆಗೆದು, ಪೂರ್ತಿ ಒಣಗಿಸಿ, ಒಣ ತೂಕ ಬರೆದುಕೊಳ್ಳಿ. ಬೇಸಿಗೆಯ ಎಲೆಯಲ್ಲಿ ಶೇಕಡ 75ರಷ್ಟು ನೀರಿದ್ದರೆ ಜಡಿಮಳೆಯ ಎಲೆಯಲ್ಲಿ 80 ದಾಟುತ್ತದೆ. ಕೇಳಲು ಐದೇ ಅಂಶ. ಆದರೆ ಕಿಲೋ ಎಲೆಯಲ್ಲಿ 250 ಗ್ರಾಂ ಇದ್ದ ಸತ್ವ 200ಕ್ಕೆ ಇಳಿಯಿತು, ಐದನೇ ಒಂದು ಪಾಲು ಹೋಯಿತು. ತಳಿಗಳ ನಡುವೆಯೂ ಈ ವ್ಯತ್ಯಾಸ ಇರಬಹುದಾದ್ದರಿಂದ ಹಸಿರೆಲೆಯ ತೂಕವನ್ನಷ್ಟೇ ನೋಡಿ ತೀರ್ಪು ಕೊಡಬೇಡಿ.

ಕೋತಗಿರಿಯಿಂದ

ನಮ್ಮದು ನೀಲಗಿರಿಯಲ್ಲಿ ಮೂರು ಎಕರೆ, ನಾವು ಬಡಗರು. ಮೇಲಿನದ್ದನ್ನೆಲ್ಲ ಓದಿದೆ. ಇಳುವರಿಯ ಮಾತು ಒಪ್ಪುತ್ತೇನೆ. ರುಚಿಯ ಮಾತು ಮಾತ್ರ ದೊಡ್ಡ ತೋಟದವರ ಶೋಕಿ. ಇಲ್ಲಿ ಟೀ ಬೋರ್ಡ್ ತಿಂಗಳು ತಿಂಗಳು ಹಸಿರೆಲೆಗೆ ಒಂದು ಸರಾಸರಿ ದರ ಪ್ರಕಟಿಸುತ್ತದೆ, ಫ್ಯಾಕ್ಟರಿಯವರು ಅದನ್ನು ನೋಡಿ ಕೊಡುತ್ತಾರೆ. ನನ್ನ ಎಲೆ ಸಿಆರ್-6017 ಆದರೂ ಅದೇ ದರ, ಪಕ್ಕದವನ ಎಲೆ ಯಾವ ತಳಿಯೆಂದು ಅವನಿಗೇ ಗೊತ್ತಿಲ್ಲದಿದ್ದರೂ ಅದೇ ದರ. ಕಿಲೋ ಲೆಕ್ಕದಲ್ಲಿ ಕೊಳ್ಳುವವನಿಗೆ ಪರಿಮಳ ಬೆಳೆದು ಕೊಟ್ಟರೆ ನಷ್ಟ ಯಾರಿಗೆ? ನಾನು ಹನ್ನೆರಡು ವರ್ಷದ ಹಿಂದೆ ಅರ್ಧ ಎಕರೆಗೆ ಗುಣಮಟ್ಟದ ಕ್ಲೋನ್ ಹಾಕಿದೆ. ಮನೆಗೆ ಬಂದವರೆಲ್ಲ ಚಹಾ ಕುಡಿದು ಹೊಗಳುತ್ತಾರೆ. ಹೊಗಳಿಕೆಯನ್ನು ಬ್ಯಾಂಕಿನಲ್ಲಿ ತೆಗೆದುಕೊಳ್ಳುವುದಿಲ್ಲ.

ಇದರ ಮೇಲೆ ಆಳಿಲ್ಲದೆ ನಾವೆಲ್ಲ ಕತ್ತರಿ ಹಿಡಿದಿದ್ದೇವೆ. ಕತ್ತರಿಗೆ ಕುಡಿಯೂ ಒಂದೇ, ಬಲಿತ ಎಲೆಯೂ ಒಂದೇ. ಹಾಗೆ ಕೊಯ್ದ ಮೇಲೆ ಯಾವ ತಳಿಯ ರುಚಿ ಉಳಿಯುತ್ತದೆ ಹೇಳಿ.

ಚಮಚ ಮತ್ತು ಲೋಟ (ಕೂನೂರು)

ನಾನು ಚಹಾ ರುಚಿ ನೋಡುವುದನ್ನೇ ಕೆಲಸ ಮಾಡಿಕೊಂಡಿರುವವನು. ಕೋತಗಿರಿಯವರ ಸಿಟ್ಟು ನ್ಯಾಯವಾದದ್ದು, ನಿರ್ಣಯ ತಪ್ಪು. ಎಲೆ ರಾಶಿಗೆ ಸೇರಿ ಗುಣ ಕಳೆದುಕೊಳ್ಳುವುದು ಮಾರುಕಟ್ಟೆಯ ದೋಷ. ಇಂದಿನ ಮಾರುಕಟ್ಟೆಯನ್ನು ನೋಡಿ ಐವತ್ತು ವರ್ಷ ಬದುಕುವ ಗಿಡವನ್ನು ಆರಿಸುವುದು ಸರಿಯಲ್ಲ. ಈಗ ಸಣ್ಣ ಸಣ್ಣ ಘಟಕಗಳಲ್ಲಿ ತಮ್ಮದೇ ಎಲೆಯಿಂದ ಆರ್ಥಡಾಕ್ಸ್ ಚಹಾ (ಎಲೆಯನ್ನು ಪುಡಿ ಮಾಡದೆ ಹೊಸೆದು ಮಾಡುವುದು) ಮಾಡಿ ನೇರವಾಗಿ ಮಾರುವವರು ನೀಲಗಿರಿಯಲ್ಲೇ ಇದ್ದಾರೆ. ಅವರು ಮೊದಲು ಕೇಳುವುದೇ ತಳಿ ಯಾವುದೆಂದು.

ಮೂಲ ಪ್ರಶ್ನೆಗೆ ಬರುತ್ತೇನೆ. ರುಚಿ ಪರೀಕ್ಷೆಗೆ ಯಂತ್ರ ಬೇಡ. ಪ್ರತಿ ತಳಿಯಿಂದ ಅರ್ಧ ಕಿಲೋ ಕುಡಿಯನ್ನು ಒಂದೇ ದಿನ, ಒಂದೇ ಹೊತ್ತಿನಲ್ಲಿ ಕೀಳಿಸಿ. ನೈಲಾನ್ ಬಲೆಯ ಮೇಲೆ ತೆಳ್ಳಗೆ ಹರಡಿ ನೆರಳಲ್ಲಿ ಬಾಡಿಸಿ. ಗಂಟೆ ನೋಡಬೇಡಿ, ತೂಕ ನೋಡಿ. ಅರ್ಧ ಕಿಲೋ ಇದ್ದದ್ದು 280 ಗ್ರಾಂ ಆಸುಪಾಸಿಗೆ ಬಂದಾಗ, ಸಾಮಾನ್ಯವಾಗಿ ಮರುದಿನ ಬೆಳಿಗ್ಗೆ, ಎಲೆ ರೇಷ್ಮೆಯಂತೆ ಮೆತ್ತಗಾಗಿ, ದಂಟು ಬಗ್ಗಿಸಿದರೆ ಮುರಿಯದಂತೆ ಆಗಿರುತ್ತದೆ. ಅರ್ಧ ಗಂಟೆಗೂ ಮೀರಿ ಕೈಯಲ್ಲಿ ಉಜ್ಜಿ ಹೊಸೆಯಿರಿ. ಅಂಗೈಗೆ ಹಸಿರು ರಸ ಅಂಟಿ ಸ್ವಲ್ಪ ಹೊತ್ತಿನಲ್ಲಿ ಕಂದಾಗುತ್ತದೆ. ಆಗ ಸೇಬಿನಂಥ ವಾಸನೆ ಏಳುತ್ತದೆ. ಒದ್ದೆ ಬಟ್ಟೆ ಮುಚ್ಚಿ ಎರಡು ಗಂಟೆ ತಣ್ಣನೆಯ ಕೋಣೆಯಲ್ಲಿ ಹುದುಗಲು, ಅಂದರೆ ಗಾಳಿ ತಾಗಿ ಕಂದಾಗಲು, ಬಿಟ್ಟು, ನೂರು ಡಿಗ್ರಿಯ ಅವನ್‌ನಲ್ಲಿ ಒಣಗಿಸಿ. ಎಲ್ಲ ತಳಿಗೂ ಒಂದೇ ಕ್ರಮ, ಒಂದೇ ಸಮಯ.

ಕುಡಿಯುವಾಗ ಐಎಸ್‌ಒ 3103 ಎಂಬ ಅಂತರರಾಷ್ಟ್ರೀಯ ಕ್ರಮವನ್ನು ಅನುಸರಿಸಿ: ನೂರು ಮಿಲಿಲೀಟರ್ ಕುದಿನೀರಿಗೆ ಎರಡು ಗ್ರಾಂ ಚಹಾ, ಆರು ನಿಮಿಷ. ಬಿಳಿ ಪಿಂಗಾಣಿ ಬಟ್ಟಲೇ ಇರಲಿ. ತಳಿಯ ಹೆಸರು ಬರೆಯದೆ ಸಂಖ್ಯೆ ಹಾಕಿ, ಸಂಖ್ಯೆಯ ಗುಟ್ಟನ್ನು ರುಚಿ ನೋಡದವರು ಇಟ್ಟುಕೊಳ್ಳಲಿ. ಒಂದು ತಳಿಯನ್ನು ಎರಡು ಬೇರೆ ಸಂಖ್ಯೆಯಲ್ಲಿ ಇಡಿ. ಆ ಎರಡಕ್ಕೆ ಬೇರೆ ಬೇರೆ ಅಂಕ ಕೊಟ್ಟವರ ಅಭಿಪ್ರಾಯವನ್ನು ವಿನಯದಿಂದ ಪಕ್ಕಕ್ಕಿಡಿ. ನಾನೂ ಒಂದು ಸಲ ಹಾಗೆ ಸಿಕ್ಕಿಬಿದ್ದಿದ್ದೇನೆ, ಬೆಳಗಿನ ಉಪಾಹಾರದ ಚಟ್ನಿಯಲ್ಲಿ ಬೆಳ್ಳುಳ್ಳಿ ಹೆಚ್ಚಾಗಿದ್ದ ದಿನ.

ಕೆರಿಚೊ ಕನ್ನಡಿಗ

ಚಮಚದವರ ಒಂದು ಮಾತಿಗೆ ನನ್ನ ಬಲವಾದ ಆಕ್ಷೇಪವಿದೆ. ಎಲ್ಲ ತಳಿಗೂ ಎರಡೇ ಗಂಟೆ ಹುದುಗಿಸಿದರೆ ಅದು ನ್ಯಾಯವಲ್ಲ. ಕೆಲವು ಕ್ಲೋನ್ ಬೇಗ ಹುದುಗುತ್ತವೆ, ಕೆಲವು ನಿಧಾನ. ಬೇಗ ಹುದುಗುವುದಕ್ಕೆ ಎರಡು ಗಂಟೆ ಕೊಟ್ಟರೆ ಹೊಳಪೂ ಚುರುಕೂ ಕೊಡುವ ಥಿಯಾಫ್ಲೇವಿನ್ ಏರಿ ಇಳಿದು, ಗಾಢ ಬಣ್ಣ ಕೊಡುವ ಥಿಯಾರುಬಿಜಿನ್ ಮಾತ್ರ ಹೆಚ್ಚುತ್ತದೆ. ಬಣ್ಣ ಗಾಢವಾಗಿ ಹೊಳಪೂ ಚುರುಕೂ ಹೋಗಿ ಚಪ್ಪೆಯಾಗುತ್ತದೆ. ನಿಧಾನದ್ದಕ್ಕೆ ಅಷ್ಟೇ ಸಮಯ ಕೊಟ್ಟರೆ ಹಸಿ ಹಸಿ ಒಗರು ಉಳಿಯುತ್ತದೆ. ಎರಡೂ ಒಳ್ಳೆಯ ತಳಿಯೇ ಆಗಿದ್ದು, ಗಡಿಯಾರದಿಂದಾಗಿ ಎರಡೂ ಫೇಲಾಗಬಹುದು.

ನಾನು ಕೀನ್ಯಾದ ಕೆರಿಚೊದಲ್ಲಿ ಟೀ ಫ್ಯಾಕ್ಟರಿಯ ಕೆಲಸದಲ್ಲಿದ್ದೇನೆ. ಇಳುವರಿ ಮತ್ತು ರುಚಿಯ ಜಗಳ ನೋಡಬೇಕೆಂದರೆ ಇಲ್ಲಿಗೆ ಬನ್ನಿ. ಎಸ್15/10 ಎಂಬ ಕ್ಲೋನ್ ಹೆಕ್ಟೇರಿಗೆ ವರ್ಷಕ್ಕೆ ಸುಮಾರು 11,000 ಕಿಲೋ ಸಿದ್ಧ ಚಹಾದವರೆಗೆ ಕೊಟ್ಟು ಹೆಸರು ಮಾಡಿದೆ. ಆದರೆ ಹೊಸ ತಳಿಯ ರುಚಿಯನ್ನು ಅಳೆಯಲು ಪಕ್ಕದಲ್ಲಿ ಇಡುವುದು ಅದನ್ನಲ್ಲ, 6/8 ಎಂಬ ಹಳೆಯ ಕ್ಲೋನನ್ನು. ಸಂಶೋಧನಾ ಕೇಂದ್ರದವರು 2011ರಲ್ಲಿ 306 ಎಂಬ ನೇರಳೆ ಎಲೆಯ ತಳಿಯನ್ನೂ ಬಿಡುಗಡೆ ಮಾಡಿದರು. ಅದರ ಆಕರ್ಷಣೆ ಎಲೆಗೆ ನೇರಳೆ ಬಣ್ಣ ಕೊಡುವ ಆಂಥೋಸಯಾನಿನ್. ಮೂರಕ್ಕೂ ಮೂರು ಉದ್ದೇಶ. ಘಟ್ಟದಂಚಿನವರು ಮೊದಲು ತಮ್ಮ ಉದ್ದೇಶ ಹೇಳಲಿ.

ಚಮಚ ಮತ್ತು ಲೋಟ (ಕೂನೂರು)

ತಳಿಗೊಂದು ಸಮಯ ಕೊಟ್ಟರೆ ಆಮೇಲೆ ಗೆದ್ದದ್ದು ತಳಿಯೋ ಸಮಯವೋ ಎಂದು ಹೇಳುವವರು ಯಾರು? ಅಲ್ಲದೆ ಫ್ಯಾಕ್ಟರಿ ಯಾವತ್ತೂ ತಳಿಗೊಂದು ಸಮಯ ಇಡುವುದಿಲ್ಲ.

ಕೆರಿಚೊ ಕನ್ನಡಿಗ

ಅವರಿಗೆ ಬೇಕಾದದ್ದು ತಳಿಯ ಯೋಗ್ಯತೆ, ಫ್ಯಾಕ್ಟರಿಯ ಸೋಮಾರಿತನವಲ್ಲ. ದಾರಿ ಸುಲಭವಿದೆ: ಒಂದೇ ಹೊಸೆತದ ಎಲೆಯನ್ನು ಮೂರು ಭಾಗ ಮಾಡಿ ತೊಂಬತ್ತು ನಿಮಿಷಕ್ಕೆ ಒಂದು, ಎರಡು ಗಂಟೆಗೆ ಒಂದು, ಎರಡೂವರೆ ಗಂಟೆಗೆ ಒಂದು ಒಣಗಿಸಲಿ. ಪ್ರತಿ ತಳಿಯ ಮೂರರಲ್ಲಿ ಉತ್ತಮವಾದದ್ದನ್ನು ಮತ್ತೊಂದರ ಉತ್ತಮದ ಜೊತೆ ಹೋಲಿಸಲಿ. ಎಲ್ಲರಿಗೂ ಮೂರು ಅವಕಾಶ, ಅದು ಸಮಾನವೇ.

ಚಮಚ ಮತ್ತು ಲೋಟ (ಕೂನೂರು)

ಇದನ್ನು ಒಪ್ಪುತ್ತೇನೆ. ಬಟ್ಟಲು ತೊಳೆಯುವ ಕೆಲಸ ಮೂರು ಪಟ್ಟಾಗುತ್ತದೆ ಎಂಬುದನ್ನು ಬಿಟ್ಟರೆ ತಕರಾರಿಲ್ಲ.

ಒಂದು ಗುಟುಕು (ಬೆಂಗಳೂರು)

ನಾನು ಬರೀ ಕುಡಿಯುವವಳು. ನಮ್ಮ ಮನೆಯಲ್ಲಿ ಹಾಲು, ಶುಂಠಿ, ಏಲಕ್ಕಿ ಹಾಕಿ ಕುದಿಸುತ್ತೇವೆ. ಬರಿ ನೀರಿನಲ್ಲಿ ಆರು ನಿಮಿಷ ನೆನೆಸಿ ಅಂಕ ಕೊಟ್ಟ ತಳಿ ನಮ್ಮ ಪಾತ್ರೆಯಲ್ಲಿ ಏನಾಗುತ್ತದೆ?

ಚಮಚ ಮತ್ತು ಲೋಟ (ಕೂನೂರು)

ತಾಯಿ, ನಿಮ್ಮ ಪ್ರಶ್ನೆ ನಮ್ಮೆಲ್ಲರ ಪ್ರಶ್ನೆಗಿಂತ ಮೇಲು. ಐಎಸ್‌ಒ ಕ್ರಮದಲ್ಲಿ ಹಾಲು ಹಾಕಿ ನೋಡಲೂ ಅವಕಾಶವಿದೆ, ನಾವೂ ನೋಡುತ್ತೇವೆ. ಥಿಯಾಫ್ಲೇವಿನ್ ಚೆನ್ನಾಗಿರುವ ಚಹಾಕ್ಕೆ ಹಾಲು ಬಿದ್ದರೆ ಹೊಂಬಣ್ಣ ಬರುತ್ತದೆ, ಇಲ್ಲದಿದ್ದರೆ ಬೂದು ಮಣ್ಣಿನ ಬಣ್ಣ. ನವಿರಾದ ಹೂವಿನ ಪರಿಮಳದ ತಳಿ ನಿಮ್ಮ ಶುಂಠಿಯ ಮುಂದೆ ಸೋಲುತ್ತದೆ. ನಿಮಗೆ ಬೇಕಾದದ್ದು ಕಡಕ್ ತಳಿ. ಘಟ್ಟದಂಚಿನವರು ಎರಡೂ ರೀತಿಯಲ್ಲಿ ನೋಡಲಿ.

ಇನ್ನೊಂದು ಮಾತು: ಒಂದು ಸಲ ಕುಡಿದು ತೀರ್ಮಾನಿಸಬೇಡಿ. ನೀಲಗಿರಿಯಲ್ಲಿ ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಚಳಿಯೂ ಒಣಹವೆಯೂ ಸೇರಿ ಕುಡಿ ನಿಧಾನವಾಗಿ ಬೆಳೆಯುವಾಗ ಪರಿಮಳ ಮೇಲಿರುತ್ತದೆ. ಮಳೆ ಬಿದ್ದು ಎಲೆ ನುಗ್ಗಿ ಬರುವ ತಿಂಗಳುಗಳಲ್ಲಿ ಅದೇ ಗಿಡದ ಚಹಾ ಸಪ್ಪೆ. ವರ್ಷಕ್ಕೆ ಮೂರು ಸಲವಾದರೂ, ಹೇರಳವಾಗಿ ಬರುವ ಕಾಲವೂ ಸೇರಿದಂತೆ ನೋಡಬೇಕು.

ಜೋರ್ಹಾಟ್ ದಿನಗಳು

ಅಸ್ಸಾಮಿನಲ್ಲಿ ಕೆಲವು ವರ್ಷ ಇದ್ದವನು ನಾನು. ಕೆರಿಚೊದವರು ಹೇಳಿದ ಉದ್ದೇಶದ ಪ್ರಶ್ನೆಯನ್ನು ಟೋಕ್ಲಾಯಿ ಟೀ ಸಂಶೋಧನಾ ಕೇಂದ್ರದವರು ವರ್ಗ ಮಾಡಿಯೇ ಇಟ್ಟಿದ್ದಾರೆ. 1911ರಲ್ಲಿ ಜೋರ್ಹಾಟ್ ಬಳಿ ಆರಂಭವಾದ ಆ ಕೇಂದ್ರ ತನ್ನ ಮೊದಲ ಮೂರು ಕ್ಲೋನ್‌ಗಳನ್ನು, ಅಂದರೆ ಟಿವಿ-1, 2, 3 ಇವನ್ನು, 1949ರಲ್ಲಿ ಬಿಡುಗಡೆ ಮಾಡಿತು. ಆಮೇಲೆ ಬಂದವನ್ನೂ ಸೇರಿಸಿ ಮೂರು ಗುಂಪು: ಒಂದು, ಇಳುವರಿ ಮುಂದು, ರುಚಿ ಸಾಧಾರಣ; ಎರಡು, ರುಚಿ ಮುಂದು, ಇಳುವರಿ ಸಾಧಾರಣ; ಮೂರು, ಎರಡರಲ್ಲೂ ಸರಾಸರಿಗಿಂತ ಮೇಲು. ಟಿವಿ-1 ಮೂರನೆಯ ಗುಂಪಿನದು, ಟಿವಿ-23, 25, 26 ಮೊದಲನೆಯ ಗುಂಪಿನವು. ಇಳುವರಿಯಲ್ಲೂ ರುಚಿಯಲ್ಲೂ ಮೊದಲ ಸ್ಥಾನ ಪಡೆಯುವ ಗಿಡ ಸಿಗುವುದು ಅಪರೂಪ ಎಂದು ಇಷ್ಟು ವರ್ಷ ಹುಡುಕಿದವರೇ ವರ್ಗೀಕರಣದಲ್ಲಿ ಒಪ್ಪಿಕೊಂಡಂತಾಯಿತು.

ಆದರೆ ಟಿವಿ ಸಾಲನ್ನು ತಂದು ಮೂಡಿಗೆರೆಯಲ್ಲಿ ನೆಡಿ ಎಂದು ನಾನು ಹೇಳುವುದಿಲ್ಲ. ತಳಿ ಎಂಬುದು ಊರಿನ ಜೊತೆ ಸೇರಿ ಗುಣ ತೋರಿಸುತ್ತದೆ. ಕೂನೂರಿಗೆ ಅಕ್ಟೋಬರ್ ನಂತರದ ಈಶಾನ್ಯ ಮಳೆ ಇದೆ. ಮೂಡಿಗೆರೆಗೆ ಮುಂಗಾರಿನಲ್ಲಿ ತಿಂಗಳುಗಟ್ಟಲೆ ಬಿಸಿಲಿಲ್ಲದ ಜಡಿಮಳೆ, ಆಮೇಲೆ ಡಿಸೆಂಬರ್‌ನಿಂದ ನಾಲ್ಕೈದು ತಿಂಗಳು ಬರ. ಮಳೆಯಲ್ಲಿ ಎಲೆಗೆ ಬ್ಲಿಸ್ಟರ್ ಬೊಕ್ಕೆ, ಬರದಲ್ಲಿ ಕೆಂಪು ನುಸಿ. ಕೂನೂರಿನಲ್ಲಿ ಗೆದ್ದ ತಳಿಗಿಂತ ವಾಲ್ಪಾರೈ, ಗೂಡಲೂರು ಕಡೆ ಗೆದ್ದ ತಳಿಯ ಅಂಕಿ ನಿಮಗೆ ಹತ್ತಿರದ್ದು. ಟಿಆರ್‌ಐ-2025 ಶ್ರೀಲಂಕಾದಿಂದ ಬಂದು ದಕ್ಷಿಣ ಭಾರತದಲ್ಲಿ ಹರಡಿದ್ದು ನಿಜ, ಆದರೆ ಹರಡಿದೆ ಎಂಬುದು ನಿಮ್ಮ ಗುಡ್ಡಕ್ಕೆ ಪ್ರಮಾಣವಲ್ಲ. ಬರ ತಡೆಯುವುದರಲ್ಲಿ ಉಪಾಸಿ-9ಕ್ಕೆ ಹೆಸರಿದೆ. ಅದನ್ನು ಬುಡವಾಗಿಟ್ಟು ಮೇಲೆ ಹೆಚ್ಚು ಇಳುವರಿಯ ಕ್ಲೋನ್ ಕಸಿ ಕಟ್ಟುವ ಪದ್ಧತಿಯೂ ಇದೆ.

ಇನ್ನೂ ಒಂದು: ನಿಮ್ಮ ಪಟ್ಟಿಯಲ್ಲಿ ಬೀಜದ ಗಿಡವೂ ಇರಲಿ. ಎರಡು ಆರಿಸಿದ ಕ್ಲೋನ್‌ಗಳನ್ನು ಒಟ್ಟಿಗೆ ನೆಟ್ಟು ಪಡೆಯುವ ಬೀಜದ ಸಾಲು, ಬಿಎಸ್‌ಎಸ್ ಎಂದು ಕರೆಯುವಂಥದ್ದು, ದಕ್ಷಿಣದಲ್ಲೂ ಇದೆ. ಕಡ್ಡಿಯಿಂದ ಬಂದ ಗಿಡಕ್ಕೆ ತಾಯಿಬೇರು ಇರುವುದಿಲ್ಲ, ಬೀಜದ್ದಕ್ಕೆ ಇರುತ್ತದೆ. ನಾಲ್ಕು ತಿಂಗಳ ಬರದಲ್ಲಿ ಆ ಬೇರಿನ ಬೆಲೆ ತಿಳಿಯುತ್ತದೆ.

ಕಾಫಿಯೇ ಸರಿ

ತಮಾಷೆ ಬಿಟ್ಟು ಹೇಳುತ್ತೇನೆ. ನಮ್ಮಲ್ಲಿ ಕಾವೇರಿ ಕಾಫಿ ಬಂದ ಹೊಸದರಲ್ಲಿ ನೋಡಬೇಕಿತ್ತು. ಗಿಡ ಗಿಡ್ಡ, ಕಾಯಿ ದಟ್ಟ, ಮೊದಲ ಎರಡು ಫಸಲಿಗೆ ರೆಂಬೆ ನೆಲ ಮುಟ್ಟಿತ್ತು. ಹಳೆಯ ಎಸ್.795 ಕಿತ್ತವರೆಲ್ಲ ಬುದ್ಧಿವಂತರು ಎನಿಸಿಕೊಂಡರು. ಆಮೇಲೆ ಫಸಲು ಹೊತ್ತು ಹೊತ್ತು ರೆಂಬೆಗಳು ಒಣಗಿದವು, ತುಕ್ಕು ರೋಗವೂ ಬಂತು. ಅಪ್ಪ ಕೀಳದೆ ಬಿಟ್ಟಿದ್ದ ಎರಡು ಎಕರೆ 795 ಈಗಲೂ ಇದೆ. ಎರಡು ವರ್ಷದ ಫಸಲು ನೋಡಿ ತೀರ್ಮಾನಿಸುವವರಿಗೆ ಟೀಯಲ್ಲೂ ಇದೇ ಗತಿ ಎಂದು ನನ್ನ ಅನುಮಾನ.

ನಿವೃತ್ತ ರೈಟರ್

ಅನುಮಾನ ಸರಿ. ಟೀಯಲ್ಲಿ ಪ್ರೂನಿಂಗ್ (ಗಿಡವನ್ನು ಕತ್ತರಿಸಿ ತಗ್ಗಿಸುವುದು) ಆದ ವರ್ಷ ಇಳುವರಿ ಕಡಿಮೆ, ಆಮೇಲೆ ಏರುತ್ತದೆ, ಕೊನೆಗೆ ಬಂಜಿ, ಅಂದರೆ ಬೆಳವಣಿಗೆ ನಿಂತ ಕುಡಿಗಳು ಹೆಚ್ಚಿ ಮತ್ತೆ ಇಳಿಯುತ್ತದೆ. ದಕ್ಷಿಣದಲ್ಲಿ ನಾಲ್ಕೈದು ವರ್ಷಕ್ಕೊಂದು ಪ್ರೂನಿಂಗ್. ಒಂದು ಪೂರ್ತಿ ಸುತ್ತು ಮುಗಿಯದೆ ಯಾವ ತಳಿಯನ್ನೂ ಹೊಗಳಬಾರದು, ಬೈಯಲೂಬಾರದು. ಪ್ರೂನಿಂಗ್ ಆದ ಮೇಲೆ ಎಷ್ಟು ಗಿಡ ಮತ್ತೆ ಚಿಗುರದೆ ಸತ್ತವು ಎಂಬುದನ್ನೂ ಬರೆದಿಡಿ, ಅದನ್ನು ಯಾರೂ ಬರೆಯುವುದಿಲ್ಲ. ಸಂಶೋಧನಾ ಕೇಂದ್ರದವರು ಒಂದು ತಳಿ ಬಿಡುಗಡೆ ಮಾಡಲು ಹತ್ತು ಹದಿನೈದು ವರ್ಷ ತೆಗೆದುಕೊಳ್ಳುತ್ತಾರೆಂದು ನಾವು ಆಡಿಕೊಳ್ಳುತ್ತಿದ್ದೆವು. ಕಡ್ಡಿ ಬೇರು ಬಿಟ್ಟು ಬುಟ್ಟಿಯಲ್ಲಿ ಒಂದು ವರ್ಷ, ತಲೆ ಚಿವುಟಿ ಹರಡಿಸಲು ಎರಡು ವರ್ಷ, ಆಮೇಲೆ ಪ್ರೂನಿಂಗ್‌ನ ಎರಡು ಸುತ್ತು ಎಂದು ಕೂಡಿಸಿದರೆ ಅಲ್ಲಿಗೇ ಲೆಕ್ಕ ಮುಟ್ಟುತ್ತದೆ.

ಕಾಯುವ ಹೊತ್ತಿನಲ್ಲಿ ನೋಡಲು ಒಂದೆರಡು ಗುರುತುಗಳಿವೆ. ತಂತಿಯಲ್ಲಿ ಅಡಿ ಉದ್ದ, ಅಡಿ ಅಗಲದ ಚೌಕ ಮಾಡಿ ಗಿಡದ ತಲೆಯ ಮೇಲೆ ಇಟ್ಟು, ಒಳಗೆ ಕೀಳಲು ಬರುವ ಕುಡಿ ಎಷ್ಟು, ಬಂಜಿ ಎಷ್ಟು ಎಂದು ಎಣಿಸಿ. ಇಳುವರಿಯ ಸುಳಿವು ತಕ್ಕಡಿಗಿಂತ ಮೊದಲು ಅಲ್ಲಿ ಸಿಗುತ್ತದೆ.

ಅಂಕಿಸಂಖ್ಯೆ

ರುಚಿಗೂ ಅಂಥ ಸುಳಿವು ಇದೆ. ಎಳೆಯ ಎಲೆಯನ್ನು ಕ್ಲೋರೋಫಾರ್ಮ್ ಆವಿಯಲ್ಲಿ ಮುಚ್ಚಿಟ್ಟರೆ ಜೀವಕೋಶದ ಪೊರೆ ಒಡೆದು ಎಲೆ ತನ್ನಷ್ಟಕ್ಕೆ ಹುದುಗುತ್ತದೆ. ಬೇಗ ತಾಮ್ರದ ಬಣ್ಣಕ್ಕೆ ತಿರುಗಿದ್ದು ಚೆನ್ನಾಗಿ ಹುದುಗುವ ತಳಿ, ಹಸಿರಾಗಿಯೇ ಉಳಿದದ್ದು ಕಪ್ಪು ಚಹಾಕ್ಕೆ ನಿಷ್ಪ್ರಯೋಜಕ. ಇದನ್ನು ಮನೆಯಲ್ಲಿ ಮಾಡಬೇಡಿ, ಹತ್ತಿರದ ಕಾಲೇಜಿನ ರಸಾಯನಶಾಸ್ತ್ರ ವಿಭಾಗಕ್ಕೆ ಎಲೆ ಒಯ್ಯಿರಿ.

ಕೋತಗಿರಿಯಿಂದ

ಇಷ್ಟೆಲ್ಲ ಮಾಡಿದ ಮೇಲೆ ಸಸಿಯೇ ಬೇರೆಯಾಗಿದ್ದರೆ? ಒಂದು ನರ್ಸರಿಯಲ್ಲಿ ಒಂದೇ ಕ್ಲೋನ್ ಎಂದು ಎರಡು ಸಾವಿರ ಸಸಿ ತಂದೆ. ಮೂರನೇ ವರ್ಷ ಚಿಗುರು ಬಂದಾಗ ನೋಡಿದರೆ ಹತ್ತರಲ್ಲಿ ಎರಡರ ಕುಡಿ ತೆಳುಗೆಂಪು, ಉಳಿದವು ತಿಳಿಹಸಿರು. ಎಲೆ ನಿಲ್ಲುವ ಕೋನವೂ ಬೇರೆ. ಯಾರನ್ನು ಕೇಳುವುದು? ಪರೀಕ್ಷೆಗೆ ಸಸಿ ತರುವಾಗ ತಾಯಿಗಿಡ ತೋರಿಸಿ ಎಂದು ಕೇಳಿ, ಕಡ್ಡಿ ನಿಮ್ಮ ಕಣ್ಣೆದುರಿಗೇ ಕತ್ತರಿಸಲಿ.

ಹಾಗೆಯೇ ಚಮಚದವರಿಗೆ: ಆ ಸಣ್ಣ ಘಟಕಗಳವರು ಯಾರಾದರೂ ನನ್ನ ಅರ್ಧ ಎಕರೆಯ ಎಲೆಯನ್ನು ಬೇರೆ ದರಕ್ಕೆ ಕೊಳ್ಳುವುದಾದರೆ ಹೇಳಿ. ಶೋಕಿ ಎಂಬ ಮಾತನ್ನು ಅಂದೇ ಹಿಂದಕ್ಕೆ ಪಡೆಯುತ್ತೇನೆ.

ಜೋರ್ಹಾಟ್ ದಿನಗಳು

ಯಾರೂ ಹೇಳದ ಮಾತೊಂದು ಉಳಿದಿದೆ. ಘಟ್ಟದಂಚಿನವರು ಮೂರು ನರ್ಸರಿ ಸುತ್ತಿ ಬಂದರು, ತಮ್ಮ ಹನ್ನೊಂದು ಎಕರೆಯನ್ನು ಸುತ್ತಿದರೇ? ಒಂದರಂತೆ ಇನ್ನೊಂದಿಲ್ಲ ಎಂದು ದೂರಿನಂತೆ ಬರೆದಿದ್ದಾರೆ. ತಳಿ ಹುಡುಕುವವನಿಗೆ ಅದು ದೂರಲ್ಲ, ಸೊತ್ತು. ಟೀ ಗಿಡ ತನ್ನದೇ ಪರಾಗಕ್ಕೆ ಕಾಯಿ ಕಟ್ಟುವುದು ತೀರ ಕಡಿಮೆಯಾದ್ದರಿಂದ ಬೀಜದ ಪ್ರತಿ ಗಿಡವೂ ಒಂದು ಹೊಸ ಬೆರಕೆ. ನಿಮಗೆ ನರ್ಸರಿಯವರು ಹೊಗಳಿದ ಸಿಆರ್-6017 ನೀಲಗಿರಿಯ ಕ್ರೇಗ್‌ಮೋರ್ ತೋಟದ ಆಯ್ಕೆ. ಡಾರ್ಜಿಲಿಂಗಿನಲ್ಲಿ ಪರಿಮಳಕ್ಕೆ ಹೆಸರಾದ ಎವಿ-2 ಎಂಬುದರ ಹೆಸರಿನಲ್ಲಿರುವುದು ಅಂಬಾರಿ ತೋಟ. ಜಪಾನಿನಲ್ಲಿ ಸುಗಿಯಾಮ ಹಿಕೊಸಬುರೊ ಎಂಬ ರೈತ 1908ರಲ್ಲಿ ಶಿಜುಒಕದಲ್ಲಿ ಬಿದಿರು ಮೆಳೆ ಕಡಿದ ಜಾಗದ ಉತ್ತರ ಭಾಗದಿಂದ ಒಂದು ಗಿಡ ಆರಿಸಿದ. ಯಾಬು ಎಂದರೆ ಮೆಳೆ, ಕಿತಾ ಎಂದರೆ ಉತ್ತರ. ಆ ಯಾಬುಕಿತವೇ ಮುಂದೆ ಜಪಾನಿನ ಟೀ ತೋಟಗಳ ಬಹುಪಾಲನ್ನು ಆವರಿಸಿತು.

ಕಿತ್ತುಹಾಕುವ ಎಕರೆಯಲ್ಲಿ ನಾಲ್ಕೈದು ಸಾವಿರ ಗಿಡಗಳಿರಬೇಕು. ಅಷ್ಟು ವರ್ಷದ ಮಳೆ, ಬರ, ಬ್ಲಿಸ್ಟರ್ ದಾಟಿ ನಿಮ್ಮ ಗುಡ್ಡದಲ್ಲೇ ಪರೀಕ್ಷೆ ಪಾಸಾದವು ಅವು. ಬರದ ಕೊನೆಯಲ್ಲಿ ಒಮ್ಮೆ, ಮುಂಗಾರಿನ ನಡುವೆ ಒಮ್ಮೆ ಸುತ್ತಿ ಗುರುತು ಹಾಕಿ. ಎರಡು ಸಲವೂ ಎದ್ದು ಕಂಡವನ್ನು ನಿಮ್ಮ ಪರೀಕ್ಷೆಯ ಪಟ್ಟಿಗೆ ಸೇರಿಸಿ, ಆಮೇಲೆ ಬೇಕಾದರೆ ಉಳಿದದ್ದನ್ನು ಕೀಳಿ.

ಘಟ್ಟದಂಚಿನವ (ಮೂಡಿಗೆರೆ ಕಡೆ)

ಎಲ್ಲರಿಗೂ ಉತ್ತರಿಸಲು ತಡವಾಯಿತು, ಕ್ಷಮಿಸಿ. ಜೋರ್ಹಾಟಿನವರ ಮಾತು ಓದಿದ ಮರುದಿನವೇ ಮೇಸ್ತ್ರಿಯನ್ನು ಕರೆದುಕೊಂಡು ಆ ಎಕರೆ ಸುತ್ತಿದೆ. ನವೆಂಬರಿನ ನಂತರ ಇಲ್ಲಿ ಹನಿ ಮಳೆಯಿಲ್ಲ. ಹೆಚ್ಚಿನ ಗಿಡಗಳ ಮೇಲೆ ಬಂಜಿ ಬಿಟ್ಟರೆ ಬೇರೇನಿಲ್ಲ, ನುಸಿ ಹತ್ತಿದವು ತಾಮ್ರದ ತಗಡಿನಂತೆ ಕಾಣುತ್ತಿದ್ದವು. ಅವುಗಳ ನಡುವೆ ಇಪ್ಪತ್ಮೂರು ಗಿಡಗಳಲ್ಲಿ ಮಾತ್ರ ಕುಡಿ ಏಳುತ್ತಿತ್ತು. ಕೆಂಪು ಬಟ್ಟೆ ಹರಿದು ಒಂದೊಂದಕ್ಕೂ ಕಟ್ಟಿದೆವು. ಕೆಳಗಿನ ಸಾಲಿನ ಒಂದು ಗಿಡದ ಬಳಿ ಬಂದಾಗ ಮೇಸ್ತ್ರಿ, ಇದಕ್ಕೆ ಗುರುತು ಯಾಕೆ ಅಯ್ಯ, ಮನೆಯ ಚಹಾಕ್ಕೆಂದು ದೊಡ್ಡಮ್ಮ ಇದರ ಎಲೆಯನ್ನು ಯಾವಾಗಲೂ ಬೇರೆ ಕೀಳಿಸುತ್ತಿದ್ದರಲ್ಲ ಎಂದ. ನನಗೆ ಈ ವಿಷಯವೇ ಗೊತ್ತಿರಲಿಲ್ಲ. ಅಜ್ಜಿ ಹೋಗಿ ಇಪ್ಪತ್ತು ವರ್ಷವಾಯಿತು.

ಸದ್ಯಕ್ಕೆ ಕೀಳುವುದನ್ನು ಮುಂದೂಡಿದ್ದೇನೆ. ಖಾಲಿ ಬಿದ್ದಿರುವ ಕಾಲು ಎಕರೆಯಲ್ಲಿ ಉಪಾಸಿ-9, ಟಿಆರ್‌ಐ-2025, ಸಿಆರ್-6017, ಬಿಎಸ್‌ಎಸ್ ಬೀಜದ ಗಿಡ ನಾಲ್ಕನ್ನೂ ರೈಟರ್ ಸರ್ ಹೇಳಿದಂತೆ ಐದು ಪಟ್ಟಿಯಲ್ಲಿ ಹಾಕುತ್ತೇನೆ. ಎಲೆಕ್ಟ್ರಾನಿಕ್ ತಕ್ಕಡಿ ಬಂದಿದೆ. ಸೋಮವಾರ ಅಜ್ಜಿಯ ಗಿಡದಿಂದ ಅರ್ಧ ಕಿಲೋ ಕುಡಿ ಕೀಳಿಸಿ ಚಮಚದವರ ಕ್ರಮದಲ್ಲಿ ಚಹಾ ಮಾಡುವವನಿದ್ದೇನೆ.

ಅಂಕಿಸಂಖ್ಯೆ

ಸ್ವಾಮಿ, ಒಂದು ಗಿಡದಿಂದ ಸುತ್ತಿಗೆ 29 ಗ್ರಾಂ ಎಂದು ಮೇಲೆಯೇ ಲೆಕ್ಕ ಹಾಕಿ ಕೊಟ್ಟಿದ್ದೇನೆ. ಅರ್ಧ ಕಿಲೋ ಎಲ್ಲಿಂದ ಬರಬೇಕು?

ನಿವೃತ್ತ ರೈಟರ್

ಅದರಿಂದ ಕುಡಿ ಕೀಳಿಸಲೇಬೇಡಿ. ಮಳೆ ಹಿಡಿದ ಮೇಲೆ ಐದಾರು ತಿಂಗಳು ಮುಟ್ಟದೆ ರೆಂಬೆ ಬೆಳೆಯಲು ಬಿಡಿ. ಅರೆಬಲಿತ ರೆಂಬೆಯಿಂದ ಒಂದು ಎಲೆ, ಒಂದು ಗಿಣ್ಣು ಇರುವಂತೆ ಕಡ್ಡಿ ಕತ್ತರಿಸಿ ಬುಟ್ಟಿಗೆ ಹಾಕಿ. ನೂರು ಕಡ್ಡಿಯಲ್ಲಿ ಎಷ್ಟು ಬೇರು ಬಿಟ್ಟವು ಎಂಬುದೇ ಆ ಗಿಡದ ಮೊದಲ ಪರೀಕ್ಷೆ. ಅದರಲ್ಲಿ ಸೋತ ಎಷ್ಟೋ ಒಳ್ಳೆಯ ಗಿಡಗಳನ್ನು ನಾನು ಕಂಡಿದ್ದೇನೆ.

ಘಟ್ಟದಂಚಿನವ (ಮೂಡಿಗೆರೆ ಕಡೆ)

ಸರಿ ಸರ್. ಆ ಗಿಡಕ್ಕೆ ಕೈ ಹಾಕಬಾರದೆಂದು ಹೆಂಗಸರಿಗೆ ಹೇಳಿದ್ದಾಯಿತು. ಮೇಸ್ತ್ರಿ ಅದರ ಕೆಂಪು ಬಟ್ಟೆಗೆ ಇನ್ನೊಂದು ಗಂಟು ಹಾಕಿ ಬಂದಿದ್ದಾನೆ.